ಮುಚ್ಚುವ ಮುನ್ನ ನೋಡತಕ್ಕದ್ದು: ಮನೆ ವಿಸ್ತರಣೆ ಮತ್ತು ದುರಸ್ತಿ ಕಾಮಗಾರಿಯ ಪ್ರಗತಿ ಅನುಸರಣೆ

(ಅಧ್ಯಯನ ಪಾಠ: ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಧಿಕಾರಿಗಳು, ಸಿಬ್ಬಂದಿ, ಚುನಾಯಿತ ಸದಸ್ಯರು ಹಾಗೂ ಮನೆ ಮಾಲೀಕರ ಉಪಯೋಗಕ್ಕಾಗಿ)

1. ಪೀಠಿಕೆ

ಸರ್ಕಾರದ ವಸತಿ ಯೋಜನೆಗಳಡಿ ನಿರ್ಮಾಣವಾಗುವ ಮನೆಗಳ ಪ್ರಗತಿಯನ್ನು ತಳಪಾಯ, ಲಿಂಟಲ್, ಛಾವಣಿ ಮತ್ತು ಪೂರ್ಣಗೊಂಡ ಹಂತಗಳೆಂದು ವಿಂಗಡಿಸಿ, ಪ್ರತಿ ಹಂತದಲ್ಲಿ ಜಿಪಿಎಸ್ ಆಧಾರಿತ ಛಾಯಾಚಿತ್ರ ಪಡೆದು, ಅದರ ಮೇಲೆ ಕಂತಿನ ಹಣ ಬಿಡುಗಡೆ ಮಾಡುವ ಪದ್ಧತಿ ನಮಗೆಲ್ಲರಿಗೂ ತಿಳಿದಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಅಡಿಯಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್ ಎಂದು ನಿಗದಿಯಾಗಿದೆ. ಇಂತಹ ಮನೆಯಲ್ಲಿ ಸಂಸಾರ ಬೆಳೆದಂತೆ ಒಂದು ಕೋಣೆ ಸೇರಿಸುವುದು, ಮಗ್ಗಕ್ಕೆ ಪ್ರತ್ಯೇಕ ಜಾಗ ಮಾಡಿಕೊಳ್ಳುವುದು, ತಾತನ ಕಾಲದ ಮಾಳಿಗೆ ಮನೆಯನ್ನು ದುರಸ್ತಿ ಮಾಡಿಸುವುದು ಸಹಜ. ಆದರೆ ಈ ಕೆಲಸಗಳು ಬಹುಪಾಲು ಸ್ವಂತ ಹಣದಿಂದ ಅಥವಾ ಸಾಲದಿಂದ ನಡೆಯುತ್ತವೆ. ಅವುಗಳಿಗೆ ಹಂತವಾರು ತಪಾಸಣೆ ಇಲ್ಲ, ಛಾಯಾಚಿತ್ರವಿಲ್ಲ, ಕೇಳುವವರೂ ಇಲ್ಲ. ಆ ಜವಾಬ್ದಾರಿ ಸಂಪೂರ್ಣವಾಗಿ ಮನೆಯವರದೇ ಆಗಿರುತ್ತದೆ.

ಕಟ್ಟಡದ ಕೆಲಸದಲ್ಲಿ ಮುಖ್ಯವಾದ ಭಾಗಗಳೆಲ್ಲ ಮುಂದಿನ ಹಂತದ ಕೆಲಸದಿಂದ ಮುಚ್ಚಿಹೋಗುತ್ತವೆ. ಪಾಯವನ್ನು ಮಣ್ಣು, ಕಂಬಿಯನ್ನು ಕಾಂಕ್ರೀಟು, ಗೋಡೆಯ ಕಟ್ಟಣೆಯನ್ನು ಗಾರೆ ಮುಚ್ಚುತ್ತದೆ. ಆದುದರಿಂದ ಪ್ರಗತಿ ಅನುಸರಣೆ ಎಂದರೆ ಎಷ್ಟು ಎದ್ದಿದೆ ಎಂದು ನೋಡುವುದಲ್ಲ, ಮುಚ್ಚುವ ಮುನ್ನ ಏನಿತ್ತು ಎಂದು ನೋಡಿ ಬರೆದಿಡುವುದು. ಈ ಪಾಠದ ಉದ್ದೇಶ ಇಷ್ಟೇ.

2. ಒಂದು ಅನುಭವ

ಲೇಖಕನಾದ ನಾನು ಇಂಜಿನಿಯರಿಂಗ್ ಪದವೀಧರ. ನಮ್ಮದು ಮೊಳಕಾಲ್ಮೂರು ತಾಲ್ಲೂಕಿನ ನೇಕಾರ ಕುಟುಂಬ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಮನೆಯ ಹಿತ್ತಲಿಗೆ ಮಗ್ಗದ ಕೋಣೆಯೊಂದನ್ನು ಸೇರಿಸಿ ಕಟ್ಟಿಸಲಾಯಿತು. ಆಗ ನಾನು ಚಳ್ಳಕೆರೆ ತಾಲ್ಲೂಕಿನಲ್ಲಿ ಕರ್ತವ್ಯದಲ್ಲಿದ್ದೆ. ತಮ್ಮನು ಪ್ರತಿ ಸಂಜೆ ಮೊಬೈಲಿನಲ್ಲಿ ಚಿತ್ರ ಕಳುಹಿಸುತ್ತಿದ್ದನು. ಗೋಡೆ ಏರುವುದನ್ನು ನೋಡಿ ಕೆಲಸ ಚೆನ್ನಾಗಿ ನಡೆದಿದೆ ಎಂದು ನಾನು ತೃಪ್ತನಾಗಿದ್ದೆ. ಪಾಯ ತೋಡಿದ ದಿನದ ಚಿತ್ರವನ್ನು ನಾನು ಕೇಳಲಿಲ್ಲ, ಅವನು ಕಳುಹಿಸಲಿಲ್ಲ.

ಹಳೆಯ ಮನೆ ಗಟ್ಟಿಯಾದ ಗರಸಿನ ಮೇಲೆ ನಿಂತಿತ್ತು. ಹಿತ್ತಲಿನ ಆ ಜಾಗದಲ್ಲಿ ಬಹಳ ಹಿಂದೆ ತಿಪ್ಪೆಗುಂಡಿ ಇದ್ದು, ನಂತರ ಮಣ್ಣು ತುಂಬಿ ಸಮ ಮಾಡಲಾಗಿತ್ತು. ಹೊಸ ಪಾಯ ಆ ತುಂಬು ಮಣ್ಣಿನಲ್ಲಿಯೇ ನಿಂತಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಕೋಣೆ ಸ್ವಲ್ಪ ಕುಸಿದು, ಹಳೆಯ ಗೋಡೆ ಸೇರುವಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತು. ಮರುವರ್ಷದ ಮಳೆಯಲ್ಲಿ ಆ ಬಿರುಕಿನಿಂದ ಇಳಿದ ನೀರು ಮಗ್ಗದ ಮೇಲಿದ್ದ ರೇಷ್ಮೆ ಹಾಸನ್ನು ನೆನೆಸಿತು. ಹಾಸು ಹಾಳಾಯಿತು, ಒಪ್ಪಿಕೊಂಡಿದ್ದ ಸೀರೆಗಳನ್ನು ಕೊಡಲಾಗಲಿಲ್ಲ, ಮನೆಯ ಸಾಲದ ಮೇಲೆ ದುರಸ್ತಿಯ ಸಾಲ ಸೇರಿತು.

ತಂದೆಯವರು ಮೇಸ್ತ್ರಿಯನ್ನು ದೂರಲಿಲ್ಲ. "ಗೋಡೆ ಎದ್ದಿದ್ದನ್ನ ಎಲ್ಲಾರೂ ನೋಡಿದ್ವಿ. ಪಾಯ ತೋಡಿದ ದಿನ ಯಾರೂ ನಿಂತು ನೋಡ್ಲಿಲ್ಲಪ್ಪ" ಎಂದರು. ತಪ್ಪು ನನ್ನದೇ ಆಗಿತ್ತು. ಊರೂರಿನ ಮನೆಗಳ ತಳಪಾಯದ ಚಿತ್ರಗಳನ್ನು ಕಡ್ಡಾಯವಾಗಿ ಕೇಳುತ್ತಿದ್ದ ನಾನು ನನ್ನ ಮನೆಯ ಪಾಯದ ಚಿತ್ರವನ್ನು ಕೇಳಿರಲಿಲ್ಲ.

3. ಕೆಲಸ ಆರಂಭಿಸುವ ಮುನ್ನ

(ಅ) ಅನುಮತಿ: 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಹೊಸ ಕಟ್ಟಡಕ್ಕೆ ಮಾತ್ರವಲ್ಲದೆ, ಇರುವ ಕಟ್ಟಡವನ್ನು ಮಾರ್ಪಡಿಸಲು ಅಥವಾ ವಿಸ್ತರಿಸಲು ಸಹ ಗ್ರಾಮ ಪಂಚಾಯಿತಿಯ ಅನುಮತಿ ಅಗತ್ಯ. "ನಮ್ಮ ಹಿತ್ತಲು, ನಮ್ಮ ಗೋಡೆ" ಎಂಬ ಭಾವನೆಯಿಂದ ಇದನ್ನು ಬಿಡಬಾರದು. ಅರ್ಜಿಯ ಸಂದರ್ಭದಲ್ಲಿ ಗಡಿ, ಚರಂಡಿ ಮತ್ತು ಪಕ್ಕದ ಮನೆಯ ಗೋಡೆಗಳ ವಿಚಾರ ಇತ್ಯರ್ಥವಾದರೆ ಮುಂದಿನ ವ್ಯಾಜ್ಯ ತಪ್ಪುತ್ತದೆ.

(ಆ) ಹಳೆಯ ಮನೆಯ ಪರಿಶೀಲನೆ: ನಮ್ಮ ಭಾಗದ ಮಾಳಿಗೆ ಮನೆಗಳಲ್ಲಿ ಛಾವಣಿಯ ಭಾರವನ್ನು ಮುಖ್ಯವಾಗಿ ಮರದ ಕಂಬ ಮತ್ತು ತೊಲೆಗಳು ಹೊರುತ್ತವೆ. ಅಂಕಣ ದೊಡ್ಡದು ಮಾಡುವ ಆಸೆಯಿಂದ ಒಂದು ಕಂಬವನ್ನು ತೆಗೆದರೆ ಅದರ ಭಾರ ಪಕ್ಕದ ತೊಲೆಯ ಮೇಲೆ ಬೀಳುತ್ತದೆ. ಅರ್ಹ ಇಂಜಿನಿಯರ್ ಅವರ ಸಲಹೆಯಿಲ್ಲದೆ, ತಾತ್ಕಾಲಿಕ ಆಸರೆ ಕೊಡದೆ ಕಂಬವನ್ನು ಮುಟ್ಟಕೂಡದು.

ಮಾಳಿಗೆಯ ಮಣ್ಣಿನ ಲೆಕ್ಕವನ್ನೂ ಗಮನಿಸಬೇಕು. ಒಂದು ಅಡಿ ದಪ್ಪದ ಒಣ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಸೋರುವುದನ್ನು ತಡೆಯಲು ಹಳೆಯ ಪದರದ ಮೇಲೆಯೇ ಚೌಳು ಮಣ್ಣು ಹಾಕುತ್ತಾ ಹೋದರೆ, ಒಂದು ಅಂಗುಲದ ಪ್ರತಿ ಪದರಕ್ಕೂ ಚದರ ಮೀಟರಿಗೆ ಸುಮಾರು 40 ಕಿಲೋಗ್ರಾಂ ಸೇರುತ್ತದೆ. ಅಷ್ಟರಲ್ಲಿ ತೊಲೆಯೂ ಹಳತಾಗಿ, ಗೆದ್ದಲು ಹಿಡಿದಿರಬಹುದು. ಹೊಸ ಮಣ್ಣು ಹಾಕುವ ಮುನ್ನ ಸಡಿಲವಾದ ಹಳೆಯ ಪದರವನ್ನು ತೆಗೆಯತಕ್ಕದ್ದು. ತೊಲೆಯ ತುದಿಗಳನ್ನು, ವಿಶೇಷವಾಗಿ ಗೋಡೆಯೊಳಗೆ ಹೋಗಿರುವ ಭಾಗವನ್ನು, ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡತಕ್ಕದ್ದು.

ನಮ್ಮ ತಾಲ್ಲೂಕುಗಳು ರಾಜ್ಯದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿವೆ. ಹಾಗೆಂದು ಮಳೆಯನ್ನು ಲಘುವಾಗಿ ಕಾಣುವಂತಿಲ್ಲ. 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದು ವೇದಾವತಿ ತುಂಬಿ ಹರಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಬರಗಾಲದಲ್ಲಿ ಗಟ್ಟಿಯಾಗಿ ಕಂಡ ಮಣ್ಣಿನ ಗೋಡೆಯ ಪರೀಕ್ಷೆ ಇಂತಹ ವರ್ಷದಲ್ಲಿ ಆಗುತ್ತದೆ.

4. ಹಂತವಾರು ಅನುಸರಣೆ

(ಅ) ಪಾಯ: ಗುಂಡಿ ತೋಡಿದ ದಿನ ಮನೆಯವರೊಬ್ಬರು ಸ್ಥಳದಲ್ಲಿರಬೇಕು. ತಳದಲ್ಲಿ ಕಾಣುವುದು ಗರಸೋ, ಎರೆಯೋ, ತುಂಬು ಮಣ್ಣೋ ಎಂಬುದನ್ನು ಬರೆದಿಡಬೇಕು. ಎರೆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯ ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಪಾಯ ಹೋಗಬೇಕು. ತುಂಬು ಮಣ್ಣಾದರೆ ಅದನ್ನು ದಾಟಿ ಮೂಲ ನೆಲ ಸಿಗುವವರೆಗೆ ತೋಡಬೇಕು. ಅಳತೆ ಪಟ್ಟಿಯನ್ನು ಗುಂಡಿಯೊಳಗೆ ಇಳಿಸಿ, ಆಳ ಓದುವಂತೆ ಚಿತ್ರ ತೆಗೆಯಬೇಕು. ಹಳೆಯ ಗೋಡೆಯ ಪಕ್ಕದಲ್ಲಿ ಅದರ ಪಾಯಕ್ಕಿಂತ ಆಳವಾಗಿ ತೋಡಬೇಕಾದರೆ ಒಮ್ಮೆಲೇ ಉದ್ದಕ್ಕೂ ತೋಡದೆ ಚಿಕ್ಕ ಚಿಕ್ಕ ಭಾಗಗಳಾಗಿ ತೋಡಿ ಕಟ್ಟಬೇಕು.

ನೇಕಾರರ ಮನೆಯಲ್ಲಿ ಮತ್ತೊಂದು ಎಚ್ಚರಿಕೆ ಬೇಕು. ಗುಂಡಿ ಮಗ್ಗದ ಕುಳಿಯನ್ನು ಗೋಡೆಗೆ ಒತ್ತಿ ತೋಡಿದರೆ ಪಾಯದ ಪಕ್ಕದ ಆಸರೆ ಹೋಗುತ್ತದೆ. ಮಗ್ಗದ ಸ್ಥಳವನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿ, ಕುಳಿಯನ್ನು ಗೋಡೆಯಿಂದ ದೂರವಿಡಬೇಕು.

(ಆ) ಹಳೆಯ ಮತ್ತು ಹೊಸ ಗೋಡೆ ಸೇರುವ ಜಾಗ: ಹಳೆಯ ಗೋಡೆ ಕುಸಿಯಬೇಕಾದಷ್ಟು ಕುಸಿದು ನಿಂತಿರುತ್ತದೆ, ಹೊಸದು ಇನ್ನು ಮುಂದೆ ಕುಸಿಯಬೇಕು. ಮಣ್ಣಿನ ಗಾರೆಯ ಕಲ್ಲುಗೋಡೆಗೆ ಸಿಮೆಂಟಿನ ಹೊಸ ಗೋಡೆಯನ್ನು ಬಿಗಿದು ಕಟ್ಟುವುದಕ್ಕಿಂತ, ನಡುವೆ ಸಣ್ಣ ಸಂದು ಬಿಟ್ಟು ಪ್ರತ್ಯೇಕವಾಗಿ ನಿಲ್ಲಿಸಿ, ಸಂದಿನ ಮೇಲೆ ಮಳೆನೀರು ಇಳಿಯದಂತೆ ಮುಚ್ಚಿಗೆ ಮಾಡುವುದು ಉತ್ತಮ.

(ಇ) ಲಿಂಟಲ್ ಮತ್ತು ಸಜ್ಜಾ: ಗೋಡೆಯಿಂದ ಹೊರಚಾಚುವ ಸಜ್ಜಾದಲ್ಲಿ ಮುಖ್ಯ ಕಂಬಿಗಳು ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟು ಹಾಕುವಾಗ ಕೆಲಸಗಾರರು ತುಳಿದು ಕಂಬಿ ಕೆಳಗಿಳಿದರೆ ಸೆಂಟ್ರಿಂಗ್ ತೆಗೆದ ದಿನವೇ ಸಜ್ಜಾ ಮುರಿದು ಬೀಳಬಹುದು. ಕಾಂಕ್ರೀಟು ಬೀಳುವ ಮುನ್ನ ಚಿತ್ರ ತೆಗೆಯುವುದಷ್ಟೇ ಅಲ್ಲ, ಬೀಳುವಾಗಲೂ ನೋಡುತ್ತಿರಬೇಕು.

(ಈ) ಛಾವಣಿ: ಉದಾಹರಣೆಗೆ 12 ಅಡಿ ಅಗಲ, 15 ಅಡಿ ಉದ್ದದ ಕೋಣೆಗೆ 5 ಅಂಗುಲ ದಪ್ಪದ ಮೋಲ್ಡ್ ಹಾಕಿಸುವುದೆಂದು ಇಟ್ಟುಕೊಳ್ಳೋಣ. ಕಾಂಕ್ರೀಟಿನ ಪರಿಮಾಣ 75 ಘನ ಅಡಿ, ಅಂದರೆ ಸುಮಾರು 2.1 ಘನ ಮೀಟರ್. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣದಲ್ಲಿ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು ಬೇಕು. ಆದುದರಿಂದ ಈ ಮೋಲ್ಡಿಗೆ ಸುಮಾರು 17 ಚೀಲ ಖರ್ಚಾಗಬೇಕು. ಸಂಜೆ ಖಾಲಿ ಚೀಲಗಳನ್ನು ಎಣಿಸಿದರೆ ಮಿಶ್ರಣ ಸರಿಯಾಗಿತ್ತೇ ಎಂಬುದು ಯಾರಿಗಾದರೂ ತಿಳಿಯುತ್ತದೆ.

50 ಕಿಲೋಗ್ರಾಂ ಚೀಲವೊಂದಕ್ಕೆ 25ರಿಂದ 27 ಲೀಟರ್ ನೀರು ಸಾಕು. ಸುಲಭವಾಗಿ ಹರಿಯಲೆಂದು ಹೆಚ್ಚು ನೀರು ಸುರಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಉಪ್ಪುನೀರಿನ ಕೊಳವೆಬಾವಿಯ ನೀರನ್ನು ಕಂಬಿ ಇರುವ ಕಾಂಕ್ರೀಟಿಗೆ ಬಳಸಬಾರದು. ಕಂಬಿಯ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕವರ್ ಬ್ಲಾಕ್ ಇರಬೇಕು, ಜಲ್ಲಿಕಲ್ಲಿನ ತುಂಡು ಅದಕ್ಕೆ ಬದಲಿಯಲ್ಲ.

(ಉ) ಕ್ಯೂರಿಂಗ್ ಮತ್ತು ಸೆಂಟ್ರಿಂಗ್: ಭಾರತೀಯ ಮಾನಕ ಸಂಹಿತೆ 456ರ ಪ್ರಕಾರ ಒಣ ಹಾಗೂ ಬಿಸಿ ಹವೆಯಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ಸತತವಾಗಿ ತೇವವಾಗಿಡಬೇಕು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಪಿಪಿಸಿ ಸಿಮೆಂಟಿಗೆ ಇದನ್ನು 14 ದಿನಗಳಿಗೆ ವಿಸ್ತರಿಸುವುದು ಸೂಕ್ತ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳಲ್ಲಿ ಇದು ಕಷ್ಟವೆಂಬುದು ನಿಜ. ಮೋಲ್ಡಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ, ಗೋಡೆಗೆ ನೆನೆದ ಗೋಣಿಚೀಲ ಹೊದಿಸಿದರೆ ಕಡಿಮೆ ನೀರಿನಲ್ಲಿ ಕೆಲಸವಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮೋಲ್ಡ್ ಹಾಕುವುದನ್ನು ಸಾಧ್ಯವಾದರೆ ತಪ್ಪಿಸಬೇಕು. ಸೆಂಟ್ರಿಂಗ್ ಬಾಡಿಗೆ ಉಳಿಸಲು ಬೇಗನೆ ಊರುಗೋಲು ತೆಗೆಸಬಾರದು. ಈ ಉದಾಹರಣೆಯ ಕೋಣೆಗೆ 14 ದಿನ ಬಿಡುವುದು ಸುರಕ್ಷಿತ.

5. ಮನೆ ಕೆಲಸದ ಪುಸ್ತಕ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಅದರಲ್ಲಿ ಐದು ಕಾಲಂಗಳಿರಲಿ: ದಿನಾಂಕ, ಆ ದಿನ ಆದ ಕೆಲಸ, ಬಂದ ಮತ್ತು ಖರ್ಚಾದ ಸಾಮಗ್ರಿ, ಕೊಟ್ಟ ಹಣ, ಮುಚ್ಚುವ ಮುನ್ನ ನೋಡಿದವರ ಸಹಿ. ಹಣವನ್ನು ವಾರದ ಲೆಕ್ಕದಲ್ಲಿ ಕೊಡದೆ, ಆದ ಹಂತದ ಲೆಕ್ಕದಲ್ಲಿ ಕೊಡತಕ್ಕದ್ದು. ಕೊಟ್ಟ ಹಣ ಆದ ಕೆಲಸವನ್ನು ಮೀರಿದರೆ ಕೆಲಸ ಅರ್ಧಕ್ಕೆ ನಿಲ್ಲುವ ಅಪಾಯವಿದೆ.

ನೇಕಾರರು ಕಾಲಪಟ್ಟಿಯನ್ನು ಮಗ್ಗಕ್ಕೆ ಹೊಂದಿಸಿಕೊಳ್ಳಬೇಕು. ನೇಯುತ್ತಿರುವ ಹಾಸು ಮುಗಿದ ನಂತರವೇ ಮಗ್ಗ ಬಿಚ್ಚಬೇಕು. ಹೊಸ ಗಾರೆಯ ತೇವ ಪೂರ್ತಿ ಆರುವ ಮುನ್ನ ಹೊಸ ಹಾಸು ಏರಿಸಬಾರದು. ಈ ನಡುವಿನ ದಿನಗಳಲ್ಲಿ ಆದಾಯವಿರುವುದಿಲ್ಲವಾದ್ದರಿಂದ ಅಷ್ಟು ದಿನಗಳ ಸಂಸಾರ ಖರ್ಚನ್ನು ಸಹ ಮನೆಯ ಅಂದಾಜಿನಲ್ಲಿ ಸೇರಿಸತಕ್ಕದ್ದು.

6. ಗ್ರಾಮ ಪಂಚಾಯಿತಿಯಿಂದ ಆಗಬಹುದಾದ ಕೆಲಸ

ಖಾಸಗಿ ವಿಸ್ತರಣೆಗೆ ನಾವು ಹಣ ಕೊಡುವುದಿಲ್ಲ. ಆದರೆ ಅನುಮತಿ ಪತ್ರ ನೀಡುವಾಗ ಈ ಪಾಠದ 4ನೇ ಭಾಗದ ಒಂದು ಪ್ರತಿಯನ್ನು ಅರ್ಜಿದಾರರ ಕೈಗೆ ಕೊಟ್ಟು ಓದಿ ಹೇಳಬಹುದು. ವಾರ್ಡ್ ಸಭೆಯಲ್ಲಿ ಸ್ಥಳೀಯ ಮೇಸ್ತ್ರಿಗಳನ್ನು ಗೌರವದಿಂದ ಕರೆದು ಚರ್ಚಿಸಬಹುದು, ಮಣ್ಣಿನ ಗುಣ ಅವರಿಗೆ ನಮಗಿಂತ ಚೆನ್ನಾಗಿ ತಿಳಿದಿರುತ್ತದೆ. ಮಳೆಗಾಲಕ್ಕೆ ಮೊದಲು ಶಿಥಿಲ ಮಾಳಿಗೆ ಮನೆಗಳ ಪಟ್ಟಿ ಮಾಡಿ, ಅಲ್ಲಿ ವಾಸಿಸುವವರಿಗೆ ರಾತ್ರಿ ಮಲಗಲು ಬೇರೆ ಸ್ಥಳ ಸೂಚಿಸಬಹುದು.

ನಮ್ಮ ಮನೆಯ ಬಿರುಕನ್ನು ಈಗ ಸರಿಪಡಿಸಲಾಗಿದೆ. ಕೋಣೆಯ ಒಂದು ಬದಿಯ ಪಾಯವನ್ನು ಭಾಗ ಭಾಗವಾಗಿ ತೋಡಿ, ಗರಸು ಸಿಗುವವರೆಗೆ ಇಳಿಸಿ ಪುನಃ ಕಟ್ಟಿಸಬೇಕಾಯಿತು. ಆ ಗುಂಡಿಗಳ ತಳದ ಚಿತ್ರಗಳನ್ನು ತಂದೆಯವರೇ ನಿಂತು ತೆಗೆಸಿದರು. ಮಗ್ಗ ಮತ್ತೆ ನಡೆಯುತ್ತಿದೆ.

7. ಅಭ್ಯಾಸ

1) ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಈಗ ವಿಸ್ತರಣೆಯಾಗುತ್ತಿರುವ ಒಂದು ಮನೆಗೆ ಭೇಟಿ ನೀಡಿ, ಈಗಾಗಲೇ ಮುಚ್ಚಿಹೋದ ಭಾಗಗಳು ಯಾವುವು, ಅವನ್ನು ಯಾರು ನೋಡಿದ್ದಾರೆ ಎಂದು ಕೇಳಿ ಬರೆಯಿರಿ.

2) 10 ಅಡಿ ಅಗಲ, 12 ಅಡಿ ಉದ್ದ, 5 ಅಂಗುಲ ದಪ್ಪದ ಮೋಲ್ಡಿಗೆ ಬೇಕಾಗುವ ಸಿಮೆಂಟಿನ ಚೀಲಗಳನ್ನು ಲೆಕ್ಕ ಹಾಕಿರಿ. (ಒಂದು ಘನ ಮೀಟರ್ ಎಂದರೆ ಸುಮಾರು 35.3 ಘನ ಅಡಿ.)

3) ನಿಮ್ಮ ಊರಿನ ಮೂರು ಬೇರೆ ಬೇರೆ ಸ್ಥಳಗಳಲ್ಲಿ ಗರಸು ಎಷ್ಟು ಆಳದಲ್ಲಿ ಸಿಗುತ್ತದೆ ಎಂಬುದನ್ನು ಹಿರಿಯ ಮೇಸ್ತ್ರಿಗಳಿಂದ ತಿಳಿದು ಪಂಚಾಯಿತಿ ಕಚೇರಿಯಲ್ಲಿ ದಾಖಲಿಸಿರಿ.