ಚಿಕ್ಕ ಜಾಗ, ದೊಡ್ಡ ಮಾತು

ನಮ್ಮ ಕಲಿಕಾ ಕೇಂದ್ರದ ಅಕ್ಕನ ಫೋನಿಗೆ ಆನ್‌ಲೈನ್ ಸಮೀಕ್ಷೆಯ ಫಾರಂ ಬಂತು. "ನಿಮ್ಮ ಬೀದಿಯ ತೊಂದರೆ ಏನು? 50 ಅಕ್ಷರದೊಳಗೆ ಬರೆಯಿರಿ" ಎಂದಿತ್ತು.

ಅಕ್ಕ ಬರೆದರು: "ಸ್ವಾಮಿ, ನಾವು ಬಡವರು, ನಮ್ಮ ಕಷ್ಟ ಯಾರೂ ಕೇಳೋದಿಲ್ಲ. ನಲ್ಲ"

ಅಷ್ಟಕ್ಕೇ ಜಾಗ ಮುಗಿಯಿತು.

"ಟೀಚರಮ್ಮ, ನಲ್ಲಿ ಅಂತ ಬರೆಯೋಕೆ ಹೋದ್ರೆ ನಲ್ಲ ಅಂತ ನಿಂತೋಯ್ತು!" ಎಂದರು. ಎಲ್ಲರೂ ನಕ್ಕೆವು.

'ನಲ್ಲಿ' ನಮಗೆ ಎರಡಕ್ಷರ. ಫೋನಿನ ಫಾರಂ ಅದನ್ನು 5 ಎಂದು ಎಣಿಸಿತು: ನ, ಲ, ಒತ್ತು ಕೂಡಿಸುವ ಗುರುತು, ಇನ್ನೊಂದು ಲ, ಗುಡಿಸು. ಪದಗಳ ನಡುವಿನ ಖಾಲಿ ಜಾಗ, ಚುಕ್ಕಿ ಕೂಡ ಲೆಕ್ಕಕ್ಕೆ ಸೇರುತ್ತವೆ.

ಹಾಗಾದರೆ ಏನು ಮಾಡಬೇಕು?

ಮುಖ್ಯವಾದ ಮಾತು ಮೊದಲು ಬರೆಯಬೇಕು. ಏನಾಗಿದೆ? ಎಷ್ಟು ದಿನವಾಯಿತು? ಮೊದಲು ಕಾಗದದಲ್ಲಿ ಬರೆಯಿರಿ. ಬೇಡದ ಪದ ಹೊಡೆದುಹಾಕಿ. ಕಳಿಸುವ ಮುಂಚೆ ಕೊನೆಯ ಪದ ಪೂರ್ತಿ ಇದೆಯೇ, ಓದಿ ನೋಡಿ.

ಅಕ್ಕ ಮತ್ತೆ ಬರೆದರು: "ನಲ್ಲಿ ಕೆಟ್ಟು 9 ದಿನ. ನೀರಿಲ್ಲ."

ಫಾರಂ ಲೆಕ್ಕದಲ್ಲಿ ಬರೀ 28! ಉಳಿದ ಜಾಗದಲ್ಲಿ ಬೀದಿಯ ಹೆಸರೂ ಹಿಡಿಯಿತು.

ಅಭ್ಯಾಸ: ನಿಮ್ಮ ಬೀದಿಯ ಒಂದು ತೊಂದರೆ ಬರೆಯಿರಿ. ಒತ್ತು, ಗುಡಿಸು, ಕೊಂಬು ಎಲ್ಲ ಸೇರಿಸಿ ಎಣಿಸಿರಿ. 50 ದಾಟಬಾರದು.