ಎರಿ ನೆಲದಲ್ಲಿ ಉದ್ಯಾನ ಮಾಡುವವರಿಗೆ

ನರಗುಂದ, ರೋಣ, ಗಜೇಂದ್ರಗಡ ಸೀಮೆಯಲ್ಲಿ ಸಾರ್ವಜನಿಕ ಉದ್ಯಾನ ನೋಡಿಕೊಳ್ಳುವುದರಲ್ಲೇ ನನ್ನ ನೌಕರಿ ಮುಗಿಯಿತು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇಷ್ಟು.

1. ಗಿಡಕ್ಕಿಂತ ಮೊದಲು ಮಣ್ಣು ನೋಡಿ. ನಮ್ಮದು ಎರಿ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಜೋಕಾಲಿಯ ಕಂಬ ವಾಲುವುದು, ದಾರಿಯ ಪೇವರ್ ಏಳುವುದು, ಕಂಪೌಂಡ್ ಸೀಳುವುದು ಬಹುಪಾಲು ಇದರಿಂದಲೇ. ಗುತ್ತಿಗೆದಾರನನ್ನು ಬಯ್ಯುವುದು ಆಮೇಲೆ. ಅಡಿಪಾಯದ ಎರಿ ತೆಗೆಸಿ, ಗರಸು ತುಂಬಿ ದಮ್ಮಸು ಹೊಡೆಸಿ. ಗೋಡೆಗೆ ಹತ್ತಿ ಹುಲ್ಲು ಬೆಳೆಸಬೇಡಿ. ಒಂದು ಮಗ್ಗಲು ದಿನಾ ತೊಯ್ದು ಇನ್ನೊಂದು ಒಣಗಿದರೆ ಗೋಡೆ ನಿಲ್ಲುವುದಿಲ್ಲ.

2. ಲಾಲ್‌ಬಾಗ್ ನೋಡಿ ಬಂದವರೆಲ್ಲ ಹುಲ್ಲುಹಾಸು ಕೇಳುತ್ತಾರೆ. ನರಗುಂದ ಮಲಪ್ರಭಾ ನೀರಿನ ಕರದ ಜಗಳದಲ್ಲಿ 1980ರ ಜುಲೈ 21ರಂದು ಗೋಲಿಬಾರ್ ಕಂಡ ಊರು. 2015ರಿಂದ ಮಹದಾಯಿ ನದಿಯ ನೀರಿಗಾಗಿ ಧರಣಿ ಕೂತ ಊರು. ಇಲ್ಲಿ ಮಟಮಟ ಮಧ್ಯಾಹ್ನ ಹುಲ್ಲಿಗೆ ಸ್ಪ್ರಿಂಕ್ಲರ್ ಬಿಟ್ಟರೆ ಜನ ಗೇಟಿಗೆ ಬಂದು ಕೇಳುತ್ತಾರೆ. ಕೇಳಲೂಬೇಕು. ಬೇವು, ಹೊಂಗೆ, ಬನ್ನಿ ಹಚ್ಚಿ. ಮೊದಲ ಕೆಲವು ಬೇಸಿಗೆ ಕೊಡ ನೀರು ಹಾಕಿ ದಾಟಿಸಿದರೆ ಆಮೇಲೆ ಅವು ನಿಮ್ಮನ್ನು ಕೇಳುವುದಿಲ್ಲ. ನರ್ಸರಿಯವರು ಒತ್ತಿ ಕೊಡುವ ಇಕ್ಸೋರಾ ಬೇಡ. ಸುಣ್ಣದ ಅಂಶದ ಈ ಮಣ್ಣಲ್ಲಿ ಅದಕ್ಕೆ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ.

3. ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡುವವರೇ. 'ಮಕ್ಕಳಿಗೆ ಮಾತ್ರ' ಎಂಬ ಫಲಕವನ್ನು ಆ ವಾರ ಯಾರೂ ಓದುವುದಿಲ್ಲ. ಫಲಕ ಕಿತ್ತು, ದೊಡ್ಡವರ ಭಾರ ತಡೆಯುವ ಜೋಕಾಲಿ ನಿಲ್ಲಿಸಿ. ಹಬ್ಬಕ್ಕೆ ಮುಂಚೆ ಸರಪಳಿ ನೋಡಿ. ಸವೆಯುವುದು ಮೇಲಿನ ಕೊಂಡಿ. ಏಣಿ ಹತ್ತದ ಸಾಹೇಬರಿಗೆ ಅದು ಕಾಣುವುದಿಲ್ಲ.

4. ಹೆಂಗಸರ ಶೌಚಾಲಯಕ್ಕೆ ಚಿಲಕ, ನೀರು, ದೀಪ. ಕಾರಂಜಿ ಆಮೇಲೆ.

5. ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಯಲು 1985ರ ರಾಜ್ಯ ಕಾಯ್ದೆಯೇ ಇದೆ. ಆದರೂ ಬಡಾವಣೆಯ ನಕ್ಷೆ ಕೈಗೆ ಬಂದ ದಿನವೇ ತಂತಿಬೇಲಿ ಹಾಕಿಸಿ. ಬೇಲಿಯಿಲ್ಲದ ಜಾಗಕ್ಕೆ ಮೊದಲು ತಿಪ್ಪೆ ಬರುತ್ತದೆ, ಆಮೇಲೆ ತಗಡಿನ ಶೆಡ್ಡು, ಆಮೇಲೆ ಗುಡಿ. ಗುಡಿ ಬಂದ ಮೇಲೆ ಕಡತ ಮುಚ್ಚಿದಂತೆ.

6. ನರಗುಂದದ ಗುಡ್ಡವನ್ನು ಪಾರ್ಕು ಮಾಡಲು ಹೋಗಬೇಡಿ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬ ಭಾವೆಯವರ ಕೋಟೆ ಅದು. ಹತ್ತುವವರು ನಾವು ಕರೆಯದೆಯೂ ಹತ್ತುತ್ತಾರೆ. ಮೆಟ್ಟಿಲು, ಕುಡಿಯುವ ನೀರು, ಕಸದ ಡಬ್ಬಿ ಸಾಕು. ಡಬ್ಬಿ ಇಡುವ ಮೊದಲು ತುಂಬಿದ್ದನ್ನು ಕೆಳಗಿಳಿಸುವವನ ಪಗಾರ ಮಂಜೂರು ಮಾಡಿಸಿಕೊಳ್ಳಿ.