ಮಾತ್ರೆ ನುಂಗಿ ಹೋಟೆಲಿಗೆ ಹೊರಡುವ ಮುನ್ನ

ಮನೆಮಂದಿಯೆಲ್ಲ ಸೇರಿ ಹೋಟೆಲಿಗೆ ಹೋಗಿ ತಿಂಡಿ ತಿನ್ನುವುದು ಸಂತೋಷದ ಸಂಗತಿ. ಹುಣಸೂರಿನಲ್ಲಾಗಲಿ, ಮೈಸೂರಿನಲ್ಲಾಗಲಿ ಇಡ್ಲಿ, ದೋಸೆ ದಿನವಿಡೀ ಸಿಗುವ ಹೋಟೆಲುಗಳಿಗೆ ಕೊರತೆಯಿಲ್ಲ. ‘ಎಷ್ಟು ಹೊತ್ತಿಗೆ ಹೋದರೂ ತಿಂಡಿ ಸಿಗುತ್ತದೆ’ ಎಂಬ ಈ ಅನುಕೂಲ ಮನೆಯಲ್ಲಿ ಒಬ್ಬರಿಗೆ ಮಾತ್ರ ಅಪಾಯ ತರಬಲ್ಲದು. ಅವರು ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವ ಹಿರಿಯರು.

ಒಂದು ಉದಾಹರಣೆ ನೋಡೋಣ. ಕಟ್ಟೆಮಳಲವಾಡಿಯಲ್ಲಿ ತಂಬಾಕು ಹರಾಜು ಮುಗಿಸಿದ ಕುಟುಂಬವೊಂದು ಬಟ್ಟೆಬರೆ ಕೊಳ್ಳಲು ಭಾನುವಾರ ಮೈಸೂರಿಗೆ ಹೊರಡುತ್ತದೆ ಎಂದುಕೊಳ್ಳಿ. ತಿಂಡಿ ಹೋಟೆಲಿನಲ್ಲೇ ಎಂದು ಮನೆಯಲ್ಲಿ ಏನೂ ಮಾಡಿಲ್ಲ. ತಾತ ಎಂದಿನಂತೆ ಏಳೂವರೆಗೆ ಮಾತ್ರೆ ನುಂಗಿ, ಸಕ್ಕರೆಯಿಲ್ಲದ ಕಾಫಿ ಕುಡಿದು ಸಿದ್ಧರಾಗುತ್ತಾರೆ. ಮಕ್ಕಳು ಹೊರಡುವುದು ತಡವಾಗುತ್ತದೆ. ಹುಣಸೂರಿಗೆ ಬಂದು, ಅಲ್ಲಿಂದ ಸುಮಾರು 45 ಕಿ.ಮೀ. ಬಸ್ಸು. ಹೋಟೆಲಿನಲ್ಲಿ ಮೇಜು ಖಾಲಿಯಾಗಲು ಅರ್ಧ ಗಂಟೆ. ದೋಸೆ ಎದುರಿಗೆ ಬರುವಾಗ ಹತ್ತೂವರೆ. ಅಷ್ಟರಲ್ಲಿ ತಾತನಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತಡವರಿಕೆ. ಮನೆಯವರು ‘ಪಿತ್ತ ಏರಿದೆ’, ‘ಬಸ್ಸಿನ ಆಯಾಸ’ ಎನ್ನುತ್ತಾರೆ. ನಿಜವಾಗಿ ಆಗಿರುವುದು ರಕ್ತದಲ್ಲಿ ಸಕ್ಕರೆಯ ಕುಸಿತ.

ಹೀಗೇಕಾಗುತ್ತದೆ?

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುವಂತೆ ಮಾಡುತ್ತವೆ. ಹೊಟ್ಟೆಗೆ ಆಹಾರ ಬಂದಿದೆಯೇ ಇಲ್ಲವೇ ಎಂಬುದನ್ನು ಮಾತ್ರೆ ನೋಡುವುದಿಲ್ಲ. ಆಹಾರ ಬಾರದಿದ್ದರೆ ರಕ್ತದಲ್ಲಿರುವ ಸಕ್ಕರೆಯೇ ಖರ್ಚಾಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ತೊಂದರೆ ಅಪರೂಪ. ಆದರೆ ಈಗ ಒಂದೇ ಗುಳಿಗೆಯಲ್ಲಿ ಎರಡು ಮೂರು ಔಷಧಿಗಳು ಸೇರಿರುವುದುಂಟು. ನಿಮ್ಮ ಮಾತ್ರೆಯಲ್ಲಿ ಏನೇನಿದೆ ಎಂದು ವೈದ್ಯರಿಂದ ತಿಳಿದುಕೊಳ್ಳಿ.

ಗುರುತಿಸುವುದು ಹೇಗೆ?

ಬೆವರು, ನಡುಕ, ಎದೆ ಬಡಿತ, ತೀವ್ರ ಹಸಿವು, ಕಣ್ಣು ಮಂಜಾಗುವುದು ಮೊದಲ ಲಕ್ಷಣಗಳು. ಮಿದುಳಿಗೆ ಗ್ಲೂಕೋಸ್ ಸಾಲದಾದಾಗ ಸಿಡುಕು, ಗೊಂದಲ, ಅಸಂಬದ್ಧ ಮಾತು, ಕೊನೆಗೆ ಪ್ರಜ್ಞೆ ತಪ್ಪುವುದು. ರಕ್ತದ ಒತ್ತಡಕ್ಕೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ನುಂಗುವವರಲ್ಲಿ ನಡುಕ, ಎದೆ ಬಡಿತ ಕಾಣದೆ ಹೋಗಬಹುದು. ಅವರಲ್ಲಿ ಬೆವರನ್ನು ಗಮನಿಸಿ. ಗ್ಲೂಕೋಮೀಟರ್ ಇದ್ದರೆ ನೋಡಿ: 70 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ಕೂಡಲೇ ಚಿಕಿತ್ಸೆ ಬೇಕು. ಯಂತ್ರವಿಲ್ಲದಿದ್ದರೆ ಕಾಯಬೇಡಿ.

ಕೂಡಲೇ ಏನು ಮಾಡಬೇಕು?

ಮದ್ದು ಹೋಟೆಲಿನ ಅಡುಗೆಮನೆಯಲ್ಲೇ ಇದೆ. ಮೂರು ಚಹಾ ಚಮಚ ಸಕ್ಕರೆಯನ್ನು, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಗುಣ ಕಾಣದಿದ್ದರೆ ಇನ್ನೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ಇಡ್ಲಿಯೋ ದೋಸೆಯೋ ತಿನ್ನಿಸಿ. ಮೊದಲೇ ಬೆಣ್ಣೆ ದೋಸೆ, ಮೈಸೂರು ಪಾಕ್ ಕೊಟ್ಟರೆ ಅದರ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ನುಂಗುವವರಿಗೆ ಸಾಮಾನ್ಯ ಸಕ್ಕರೆ ಬೇಗ ಹಿಡಿಯುವುದಿಲ್ಲ. ಅವರು ಗ್ಲೂಕೋಸ್ ಪುಡಿಯ ಪೊಟ್ಟಣವನ್ನೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಮಾತ್ರೆಯಿಂದ ಕುಸಿದ ಸಕ್ಕರೆ ಸರಿಹೋದಂತೆ ಕಂಡರೂ ಕೆಲವು ಗಂಟೆಗಳ ನಂತರ ಮತ್ತೆ ಕುಸಿಯಬಹುದು. ವಯಸ್ಸಾದವರಲ್ಲಿ, ಮೂತ್ರಪಿಂಡದ ಶಕ್ತಿ ಕುಂದಿದವರಲ್ಲಿ ಇದು ಹೆಚ್ಚು. ಆದ್ದರಿಂದ ಅದೇ ದಿನ ವೈದ್ಯರಿಗೆ ತೋರಿಸಿ.

ಬಾರದಂತೆ ತಡೆಯಲು

ಈ ಮಾತ್ರೆಗಳಿಗೆ ಗಡಿಯಾರಕ್ಕಿಂತ ತಟ್ಟೆ ಮುಖ್ಯ. ಹೋಟೆಲಿಗೆ ಹೋಗುವ ದಿನ ಮಾತ್ರೆಯನ್ನು ಜೊತೆಯಲ್ಲಿ ಒಯ್ದು, ತಿಂಡಿ ಎದುರಿಗೆ ಬಂದಾಗ ನುಂಗಿ. ಒಂದು ದಿನ ಎರಡು ಮೂರು ಗಂಟೆ ತಡವಾದರೆ ಹಾನಿಯಿಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಮನೆಯಲ್ಲೇ ತಿಂಡಿ ತಿಂದು ಹೊರಡುವುದು ಕ್ಷೇಮ. ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿದು ಮಕ್ಕಳ ಜೊತೆ ಕುಳಿತರೂ ಸಂತೋಷಕ್ಕೆ ಕೊರತೆಯಾಗದು.

ಹರಾಜಿಗೆಂದು ನಸುಕಿನಲ್ಲೇ ಮನೆ ಬಿಡುವ ರೈತರಿಗೂ, ಮದುವೆ ಊಟಕ್ಕೆ ಕಾಯುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಸಕ್ಕರೆ ನೀರು ಕುಡಿಸುವ ಈ ಕ್ರಮವನ್ನು ಮೊಮ್ಮಕ್ಕಳಿಗೂ ಹೇಳಿಕೊಡಿ. ತಾತನ ಪಕ್ಕದಲ್ಲಿ ಕೂರುವವರು ಸಾಮಾನ್ಯವಾಗಿ ಅವರೇ.